ಹಿಂದಿನ ಬಸ್ಸನ್ನು ತಡೆಯುವ ಕೈ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸೇತುವೆ ಪಕ್ಕದ ಸ್ಟಾಪಿನಲ್ಲಿ ಬಸ್ ಕಂಟ್ರೋಲರ್ ವಿಷಲ್ ಊದಿ ಕೈ ಅಡ್ಡ ಹಿಡಿಯುತ್ತಾರೆ. ಅರೆಖಾಲಿ ಬಸ್ಸೊಂದು ನಿಲ್ಲುತ್ತದೆ. "ಮತ್ತೆ ಯಾಕ್ರೀ?" ಡ್ರೈವರ್ ಹಲ್ಲು ಕಡಿಯುತ್ತಾನೆ. "ಮುಂದಿನವನು ಈಗ ತಾನೇ ಹೋದ. ಸ್ವಲ್ಪ ನಿಲ್ಲಪ್ಪ." ಒಳಗಿನಿಂದ ಯಾರೋ ಇವರ ವಂಶವನ್ನೆಲ್ಲ ಜಾಲಾಡುತ್ತಾರೆ. ಡ್ರೈವರುಗಳು ಇವರಿಗಿಟ್ಟ ಹೆಸರೇ ನಿಲ್ಲಪ್ಪ. ಈಗೀಗ ಹೆಂಡತಿಯೂ ಹಾಗೇ ಕರೆಯುವುದುಂಟು.

ಕಾದು ಕಾದು ಸುಸ್ತಾದ ಮೇಲೆ ಎರಡು ಬಸ್ಸು ಒಟ್ಟಿಗೆ ಬಂದಾಗ, ಡ್ರೈವರುಗಳು ಮಾತಾಡಿಕೊಂಡೇ ಬರುತ್ತಾರೆಂದು ಶಾಪ ಹಾಕಿದವರು ನಾವೆಲ್ಲ. ನಿಲ್ಲಪ್ಪ ನಗುತ್ತಾರೆ. "ಒಂದು ಬಸ್ಸು ಎಲ್ಲೋ ಸಿಗ್ನಲ್ಲಲ್ಲಿ ಸಿಕ್ಕಿಬಿತ್ತು ಅನ್ಕೊಳಿ. ಅಷ್ಟರಲ್ಲಿ ಮುಂದಿನ ಸ್ಟಾಪಲ್ಲಿ ಜನ ಜಾಸ್ತಿ ಸೇರ್ತಾರೆ. ಅವರು ಹತ್ತೋದ್ರಲ್ಲಿ ಇನ್ನೂ ಲೇಟು. ಅದರಾಚೆ ಇನ್ನೂ ಜನ. ಹಿಂದಿನವನಿಗೆ ಹತ್ತೋರೇ ಇರಲ್ಲ, ಓಡಿಬಂದು ಬಾಲ ಹಿಡೀತಾನೆ. ಇಬ್ಬರೂ ಜೊತೇಲಿ ಹೋಗ್ಬಿಟ್ರೆ, ಆಮೇಲೆ ಸ್ಟಾಪಿಗೆ ಬಂದೋರ ಗತಿ ಏನು?" ಅದಕ್ಕೇ ಹಿಂದಿನದನ್ನು ತಡೆಯುವುದು. ತಪ್ಪು ಮಾಡದವರಿಗೇ ಶಿಕ್ಷೆ, ಕೆಲಸವೇ ಅಂಥದ್ದು.

ಸ್ಟಾಪಿನ ಜನರಿಗೆ ಇವರದೊಂದು ಬಿಟ್ಟಿ ಸಲಹೆ ಇದ್ದೇ ಇರುತ್ತದೆ: "ಅದಕ್ಕೆ ಜೋತುಬೀಳಬೇಡಿ, ಹಿಂದೆನೇ ಖಾಲಿ ಬಸ್ಸು ಬರ್ತಿದೆ." ಮಗಳಿಗೂ ಚಿಕ್ಕಂದಿನಿಂದ ಅದೇ ಪಾಠ.

ಹೋದ ವರ್ಷ ನರ್ಸಿಂಗ್ ತರಬೇತಿಯ ಸಂದರ್ಶನಕ್ಕೆ ಹೊರಟ ಮಗಳು ಆ ಪಾಠವನ್ನೇ ಪಾಲಿಸಿದಳು. ತುಂಬಿದ ಬಸ್ಸನ್ನು ಬಿಟ್ಟು ಹಿಂದಿನದನ್ನು ಹತ್ತಿದಳು. ಕಿಟಕಿ ಪಕ್ಕ ಸೀಟೂ ಸಿಕ್ಕಿತು. ಸೇತುವೆ ಹತ್ತಿರ ಅಪ್ಪನ ಕೈ ಅಡ್ಡ ಬಂತು. ಮಗಳ ಮುಖ ಕಂಡ ಮೇಲೂ ಆ ಕೈ ಇಳಿಯಲಿಲ್ಲ.

"ನನ್ನ ಮಗಳಿದ್ದಾಳೆ ಅಂತ ಬಿಟ್ರೆ ನಾಳೆ ಯಾವ ಮುಖ ಇಟ್ಕೊಂಡು ಬೇರೆಯವರನ್ನ ತಡೀಲಿ? ಟೈಮಿದೆ ಅಂತ ನಾನೇ ಅನ್ಕೊಂಡೆ. ಅವಳು ಒಂದು ಮಾತು ಕೇಳಿದ್ರೆ ಬಿಟ್ಟುಬಿಡ್ತಿದ್ನೇನೋ. ಕೇಳ್ಲಿಲ್ಲ, ಸುಮ್ನೆ ನನ್ನೇ ನೋಡ್ತಾ ಕೂತಿದ್ಲು."

ಅವಳು ತಲುಪುವಷ್ಟರಲ್ಲಿ ಹೆಸರು ಕೂಗಿ ಆಗಿತ್ತು. ಮತ್ತೆ ಕರೆಯಲಿಲ್ಲ. ಅವತ್ತು ಇಡೀ ದಿನ ಬಸ್ಸುಗಳು ಒಂದಕ್ಕೊಂದು ಅಂಟಿಕೊಳ್ಳದೆ ಓಡಿದವೆಂದು ಮೇಲಿನವರು ಬೆನ್ನು ತಟ್ಟಿದರು. ನಿಲ್ಲಪ್ಪ ಊಟದ ಡಬ್ಬಿಯನ್ನು ಬಿಚ್ಚದೆ ಹಾಗೇ ಮನೆಗೆ ಒಯ್ದರು.

ಮಗಳಿಗೀಗ ಔಷಧಿ ಅಂಗಡಿಯಲ್ಲಿ ಕೆಲಸ. ಜಗಳವೇನೂ ಇಲ್ಲ. ಬೆಳಗ್ಗೆ ಅಪ್ಪನ ಫ್ಲಾಸ್ಕಿಗೆ ಚಹಾ ತುಂಬುವವಳು ಅವಳೇ. ನಮ್ಮ ಮಾತಿನ ನಡುವೆ ತುಂಬಿ ತುಳುಕುವ ಬಸ್ಸೊಂದು ಬರುತ್ತದೆ. ಬೇಗ ಹೋಗು ಎಂದು ನಿಲ್ಲಪ್ಪ ಕೈ ಬೀಸುತ್ತಾರೆ. ಬಾಗಿಲ ಬಳಿ ಕಂಬಿ ಹಿಡಿದು, ನಾಲ್ಕು ಜನರ ನಡುವೆ ಒತ್ತಿಕೊಂಡು ನಿಂತ ಹುಡುಗಿಯೊಬ್ಬಳು ಇವರತ್ತ ತಲೆಯಾಡಿಸುತ್ತಾಳೆ.

"ನನ್ನ ಮಗಳು. ಈಗ ದಿನಾ ಹೀಗೇ ನಿಂತ್ಕೊಂಡು ಬರ್ತಾಳೆ. ಹಿಂದಿನದಕ್ಕೆ ಹತ್ತೋದೇ ಬಿಟ್ಟುಬಿಟ್ಳು. ಒಂದಿನ ಅದ್ರಲ್ಲಿ ಕೂತ್ಕೊಂಡು ಬರ್ಲಿ ಅಂತ ಆಸೆ."

ಬಂದರೆ ಅವತ್ತೂ ತಡೆಯುತ್ತೀರಾ ಎಂದು ಕೇಳಿದರೆ, ತಿರುವಿನಲ್ಲಿ ಕಾಣಿಸಿಕೊಂಡ ಖಾಲಿ ಬಸ್ಸಿನತ್ತ ನೋಡುತ್ತಾ ವಿಷಲ್ ಕೈಗೆತ್ತಿಕೊಳ್ಳುತ್ತಾರೆ.

"ತಡೀತೀನಿ. ಆದ್ರೆ ಈ ಸಲ ಕಿಟಕಿ ಹತ್ರ ಹೋಗಿ ನಾನೇ ಕೇಳ್ತೀನಿ, ಟೈಮಿದೆಯೇನಮ್ಮಾ ಅಂತ."