ಈರಣ್ಣನ ಏಳು ಕೆಜಿ ಎಲ್ಲಿ ಹೋಯಿತು?

"ಅಂಕಲ್, ಆಪ್ ದೋ ಟಿಕೆಟ್ ಲೇತೇ ಹೋ ಕ್ಯಾ?"

ಬೆಳಗಿನ ಚರ್ಚ್‌ಗೇಟ್ ಲೋಕಲ್. ಮೂವರು ಕೂತಿದ್ದ ಸೀಟಿನ ತುದಿಗೆ ನಾಲ್ಕನೆಯವನಾಗಿ ಕೂರಲು ಹೋಗಿದ್ದೆ. (ಇದು ನಮ್ಮ ಮುಂಬಯಿಯ ಕಾನೂನು. ಪುಸ್ತಕದಲ್ಲಿಲ್ಲ, ಅಷ್ಟೆ.) ಕಿಟಕಿ ಪಕ್ಕ ಕೂತಿದ್ದ ಟೈ ಕಟ್ಟಿದ ಯುವಕ ನನ್ನ ಸುತ್ತಳತೆಯನ್ನು ಒಮ್ಮೆ ನೋಡಿ, ಎರಡು ಟಿಕೆಟ್ ತಗೋತೀರಾ ಅಂತ ಕೇಳಿದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಇನ್ನೇನು ಮಾಡಲಿ? ಸಾಂತಾಕ್ರೂಜ್ ಬರುವ ಹೊತ್ತಿಗೆ ನಗು ಮುಗಿದಿತ್ತು, ಅವಮಾನ ಶುರುವಾಗಿತ್ತು.

ಇದು ನಾಲ್ಕು ತಿಂಗಳ ಹಿಂದಿನ ಮಾತು. ಅಂದೇ ಆಫೀಸಿನಲ್ಲಿ ನಮ್ಮ ಟೈಪಿಸ್ಟ್ ಯಾವುದೋ ಇಂಗ್ಲಿಷ್ ಮ್ಯಾಗಜೀನಿನ ಒಂದು ಪುಟದ ಝೆರಾಕ್ಸ್ ಹಂಚುತ್ತಿದ್ದಳು. ನಾನು ಕೇಳದಿದ್ದರೂ ನನ್ನ ಡ್ರಾಯಿಂಗ್ ಬೋರ್ಡಿನ ಮೇಲೂ ಒಂದು ಪ್ರತಿ ಇಟ್ಟು ಹೋದಳು. (ಕೇಳದೇ ಕೊಟ್ಟಳು ಅನ್ನುವುದೇ ಎರಡನೆಯ ಅವಮಾನ.) ಬೆಳಿಗ್ಗೆ ಒಂದು ಬಟ್ಟಲು ಕಾರ್ನ್‌ಫ್ಲೇಕ್ಸ್, ರಾತ್ರಿ ಒಂದು ಬಟ್ಟಲು ಕಾರ್ನ್‌ಫ್ಲೇಕ್ಸ್, ಮಧ್ಯಾಹ್ನ ಮಾತ್ರ ಮಾಮೂಲಿ ಊಟ. ನೀರು ಚೆನ್ನಾಗಿ ಕುಡಿಯಬೇಕು. ಎರಡೇ ವಾರದಲ್ಲಿ ಫಲ! ಪಕ್ಕದಲ್ಲಿ ಒಬ್ಬ ವಿದೇಶಿ ಹೆಂಗಸು ತನ್ನ ಹಳೆಯ ಪ್ಯಾಂಟಿನ ಸೊಂಟವನ್ನು ಒಂದು ಅಡಿ ಮುಂದಕ್ಕೆ ಎಳೆದು ಹಿಡಿದು ನಗುತ್ತಿದ್ದಳು.

ಅವಳಿಗೆ ಆಗುತ್ತದೆ ಅಂದರೆ ನನಗೇಕೆ ಆಗಬಾರದು?

ಒಬ್ಬನೇ ಪಥ್ಯ ಮಾಡುವುದು ಕಷ್ಟ. ಜೊತೆಗೊಬ್ಬರು ಬೇಕು. ಜೋಗೇಶ್ವರಿಯ ನಮ್ಮ ಬಿಲ್ಡಿಂಗಿನ ನೆಲಮಹಡಿಯಲ್ಲಿ ಈರಣ್ಣ ಇದ್ದಾರೆ. ಬಾಗಲಕೋಟೆ ಕಡೆಯವರು, ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಲೇತ್ ವರ್ಕ್‌ಶಾಪಿನಲ್ಲಿ ಫೋರ್‌ಮನ್. ಹನ್ನೆರಡು ವರ್ಷಗಳಿಂದ ಬೆಳಿಗ್ಗೆ ಇಬ್ಬರೂ ಸ್ಟೇಷನ್ನಿಗೆ ಒಟ್ಟಿಗೇ ನಡೆಯುತ್ತೇವೆ. ಅವರೂ ನನ್ನ ಹಾಗೇ ತುಂಬಿದ ಆಳು. ಆದರೆ ನನ್ನದು ಕುರ್ಚಿಯ ಬೊಜ್ಜು, ಅವರದು ಜೋಳದ ರೊಟ್ಟಿಯ ಮೈ. ಒಂದು ಹೊತ್ತಿಗೆ ನಾಲ್ಕು ರೊಟ್ಟಿ ಲೀಲಾಜಾಲವಾಗಿ ಹೋಗುತ್ತಿತ್ತು. ತೂಕದ ಬಗ್ಗೆ ಅವರಿಗೆ ಯಾವ ತಕರಾರೂ ಇರಲಿಲ್ಲ. ತಕರಾರು ಹುಟ್ಟಿಸಿದವನು ನಾನು.

ಮೊದಲ ದಿನ ನಮ್ಮ ಮನೆಯಲ್ಲಿ ಬಟ್ಟಲು ನೋಡಿ ಅವರು ಕೇಳಿದರು, "ಇದೇನ್ರಿ ಸರ, ಹಪ್ಪಳಾ ಮುರದು ಹಾಲಿನ್ಯಾಗ ಹಾಕ್ಯಾರ?"

"ತಿನ್ರೀ ಈರಣ್ಣ, ಎರಡೇ ವಾರ."

"ಉಪ್ಪಿಲ್ಲ, ಖಾರಿಲ್ಲ. ಹೆಂಗ ಇಳೀಬೇಕ್ರಿ ಇದು?" ಅನ್ನುತ್ತಾ ಮೂರು ಚಮಚ ಸಕ್ಕರೆ ಸುರಿದುಕೊಂಡರು. ನಾನು ಬಾಳೆಹಣ್ಣು ಹೆಚ್ಚಿ ಹಾಕಿಕೊಂಡೆ. ಸಕ್ಕರೆ ಹಾಕಬಾರದು ಅಂತ ಝೆರಾಕ್ಸಿನಲ್ಲಿ ಎಲ್ಲೂ ಬರೆದಿರಲಿಲ್ಲ. ಹಾಕಬಹುದು ಅಂತಲೂ ಬರೆದಿರಲಿಲ್ಲ.

ಗೊಂದಲ ಶುರುವಾಗಿದ್ದೇ ಅಲ್ಲಿಂದ. 'ಮಾಮೂಲಿ ಊಟ' ಅಂದರೆ ಯಾರ ಮಾಮೂಲು? ನನ್ನ ಹೆಂಡತಿ ಸುಧಾ, ಗಂಡ ಎರಡು ಹೊತ್ತು ಉಪವಾಸ ಇರುತ್ತಾನೆ ಅಂತ ಮರುಗಿ, ಟಿಫಿನ್ ಡಬ್ಬಿಗೆ ಇನ್ನೊಂದು ಅಂತಸ್ತು ಸೇರಿಸಿದಳು. "ಮಧ್ಯಾಹ್ನ ಊಟ ಮಾಡಬಹುದು ಅಂತ ಅದರಲ್ಲೇ ಇದೆ ಅಲ್ವೇನ್ರೀ? ಮತ್ಯಾಕೆ ಕಮ್ಮಿ ಮಾಡ್ಕೋತೀರಾ?" ಹುಳಿಯನ್ನ, ಪಲ್ಯ, ಮೊಸರನ್ನ, ಮೇಲೊಂದು ಚಪಾತಿ. ಹನ್ನೊಂದು ಗಂಟೆಗೆ ಹೊಟ್ಟೆ ಚುರುಗುಟ್ಟಿದರೆ ಕ್ಯಾಂಟೀನಿನ ಬಟಾಟಾ ವಡಾ. ಅದು ಊಟವಲ್ಲ, ಹಾಗಾಗಿ ಲೆಕ್ಕಕ್ಕಿಲ್ಲ. (ಲೆಕ್ಕಕ್ಕಿದೆಯೇ? ಯಾರನ್ನು ಕೇಳಲಿ?)

ಪ್ರತಿ ಭಾನುವಾರ ಇಬ್ಬರೂ ಸ್ಟೇಷನ್ನಿನ ತೂಕದ ಯಂತ್ರದ ಮೇಲೆ ಹತ್ತುತ್ತಿದ್ದೆವು. ನಾಣ್ಯ ಹಾಕಿದರೆ ಬಣ್ಣದ ಬಲ್ಬುಗಳು ತಿರುಗಿ ಒಂದು ರಟ್ಟಿನ ಚೀಟಿ ಬೀಳುತ್ತದಲ್ಲ, ಅದು. ಎರಡನೇ ವಾರ ನನ್ನದು ಎರಡು ಕೆಜಿ ಇಳಿಯಿತು. ನಾಲ್ಕನೇ ವಾರ ಅದರಲ್ಲಿ ಒಂದೂವರೆ ವಾಪಸ್ಸು ಬಂತು. ಈರಣ್ಣನದು ಮಾತ್ರ ಇಳಿಯುತ್ತಲೇ ಹೋಯಿತು. ಎರಡು, ಮೂರೂವರೆ, ಐದು. ಆರು ವಾರಕ್ಕೆ ಏಳು ಕೆಜಿ!

ಅದೇ ಡಬ್ಬ. ಅದೇ ಹಾಲು. ಅವರು ಸಕ್ಕರೆ ಬೇರೆ ಹಾಕಿಕೊಳ್ಳುತ್ತಾರೆ. ನನಗೇಕೆ ಇಳಿಯಲಿಲ್ಲ?

ಸುಳ್ಳು ಹೇಳುವುದಿಲ್ಲ, ಹೊಟ್ಟೆಕಿಚ್ಚಾಯಿತು. ಈರಣ್ಣ ವರ್ಕ್‌ಶಾಪಿನಲ್ಲೇ ಬೆಲ್ಟಿಗೆ ಎರಡು ಹೊಸ ತೂತು ಹೊಡೆದುಕೊಂಡರು. ನಮ್ಮ ಬಿಲ್ಡಿಂಗ್ ಸೊಸೈಟಿಯ ಸೆಕ್ರೆಟರಿ ಗೇಟಿನಲ್ಲೇ ನಿಲ್ಲಿಸಿ, "ಅರೇ ವಾಹ್, ಈರಣ್ಣಾ! ಏಕದಮ್ ಹೀರೋ!" ಅಂದರು. ಬಿಲ್ಡಿಂಗಿನಲ್ಲಿ ನಾಲ್ಕು ಮನೆಯವರು ನನ್ನಿಂದ ಝೆರಾಕ್ಸಿನ ಝೆರಾಕ್ಸ್ ತೆಗೆಸಿಕೊಂಡರು. ಈರಣ್ಣ ದಿನವಿಡೀ ನೀರು ಕುಡಿಯುತ್ತಿದ್ದರು. ಸ್ಟೇಷನ್ನಿನವರೆಗೆ ನಡೆಯುವ ಹತ್ತು ನಿಮಿಷದಲ್ಲೇ ಎರಡು ಸಲ ಬಾಟಲಿ ಎತ್ತುತ್ತಿದ್ದರು. "ನೋಡು, ಎಷ್ಟು ನಿಷ್ಠೆ! ಬರೆದಿದ್ದನ್ನು ಅಕ್ಷರಶಃ ಮಾಡ್ತಾರೆ" ಅಂತ ಸುಧಾಗೆ ಹೇಳಿದ್ದೆ.

ಒಬ್ಬರಿಗೆ ಮಾತ್ರ ಖುಷಿಯಿರಲಿಲ್ಲ. ಈರಣ್ಣನ ಹೆಂಡತಿ ಕಸ್ತೂರಿ. ಒಂದು ಸಂಜೆ ಮೆಟ್ಟಿಲ ಬಳಿ ನನ್ನನ್ನು ತಡೆದರು.

"ಅಣ್ಣಾರ, ಇವರ ಗಲ್ಲಾ ನೋಡೀರೇನು? ಒಳಗ ಹೋಗ್ಯಾವು. ಮನಿಗೆ ಬಂದ ಕೂಡ್ಲೆ ಬಿದ್ಕೋತಾರು. ಮದ್ಲ ಹಿಂಗ ಇದ್ದಿಲ್ರಿ."

"ತೂಕ ಇಳಿಯುವಾಗ ಹಾಗೇ ಇರುತ್ತಮ್ಮ. ಮೈ ಒಗ್ಗಬೇಕು."

"ಇನ್ನs ಎಷ್ಟು ದಿವಸ್ರಿ?"

"ಸ್ವಲ್ಪ ದಿನ. ಯೋಚನೆ ಮಾಡಬೇಡಿ" ಅಂದೆ. ಡಾಕ್ಟರರ ಗತ್ತಿನಲ್ಲಿ ಅಂದೆ. ನನ್ನ ಓದು ಡ್ರಾಫ್ಟ್ಸ್‌ಮನ್ ಸರ್ಟಿಫಿಕೇಟ್.

ಅದಾದ ವಾರವೇ ವರ್ಕ್‌ಶಾಪಿನಲ್ಲಿ ಒಂದು ಎಡವಟ್ಟಾಯಿತು. ಈರಣ್ಣ ವರ್ನಿಯರ್ ಅಳತೆಪಟ್ಟಿಯನ್ನು ತಪ್ಪು ಓದಿದರು. ಒಂದಿಡೀ ಲಾಟ್ ಬುಶ್‌ಗಳು (ಯಂತ್ರಕ್ಕೆ ಕೂರಿಸುವ ಲೋಹದ ಬಳೆಗಳು) ಕೂದಲೆಳೆಯಷ್ಟು ಹೆಚ್ಚು ಕೊರೆದುಹೋದವು. ಇಪ್ಪತ್ತು ವರ್ಷಗಳ ಸರ್ವಿಸಿನಲ್ಲಿ ಹೀಗಾಗಿರಲಿಲ್ಲವಂತೆ. ಮಾಲೀಕ ಬೈಯಲಿಲ್ಲ. ಅದರಿಂದಲೇ ಅವರಿಗೆ ಹೆಚ್ಚು ನೋವಾಗಿತ್ತು.

"ವರ್ನಿಯರ್‌ದಾಗಿನ ಗೆರಿ ಒಂದರ ಮ್ಯಾಲೆ ಒಂದು ಕುಂತಂಗ ಕಾಣಾಕತ್ತಾವ್ರಿ ಸರ" ಅಂದರು. "ವಯಸ್ಸಾತು, ಚಸ್ಮಾ ಬಂತು ಅನಸ್ತೈತಿ."

ನಲವತ್ತನಾಲ್ಕು ವಯಸ್ಸು. ಕನ್ನಡಕ ಬರುವ ಕಾಲವೇ. ಶನಿವಾರ ಮಧ್ಯಾಹ್ನ ನಾನೇ ಅವರನ್ನು ಸಾಂತಾಕ್ರೂಜ್‌ನಲ್ಲಿ ನನಗೆ ಗೊತ್ತಿದ್ದ ಕಣ್ಣಿನ ಡಾಕ್ಟರರ ಬಳಿಗೆ ಕರೆದುಕೊಂಡು ಹೋದೆ. ಮರಾಠಿ ಹೆಂಗಸು, ಮಾತು ಕಡಿಮೆ. ಗಾಜು ಬದಲಿಸಿ ಬದಲಿಸಿ ನೋಡಿದರು. ಟಾರ್ಚ್ ಬಿಟ್ಟು ನೋಡಿದರು. ಆಮೇಲೆ ಕುರ್ಚಿ ಹಿಂದಕ್ಕೆ ಸರಿಸಿ ಹಿಂದಿಯಲ್ಲಿ ಕೇಳಿದರು.

"ಇತ್ತೀಚೆಗೆ ತೂಕವೇನಾದರೂ ಇಳಿದಿದೆಯೇ?"

ಈರಣ್ಣ ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ, "ಯೆಸ್ ಮೇಡಂ! ಸೆವೆನ್ ಕೆಜಿ! ಡಯಟ್ ಮಾಡ್ತಿದ್ದಾರೆ."

ಅವರು ನಗಲಿಲ್ಲ. "ಬಾಯಾರಿಕೆ?"

"ತುಂಬ ನೀರು ಕುಡೀತಾರೆ. ಅದೂ ಡಯಟಿನಲ್ಲೇ ಇದೆ."

"ನಾನು ಅವರನ್ನು ಕೇಳುತ್ತಿದ್ದೇನೆ" ಅಂದರು ಡಾಕ್ಟರು.

ಈರಣ್ಣ ನನ್ನ ಕಡೆ ನೋಡಿದರು, ಡಾಕ್ಟರರ ಕಡೆ ನೋಡಿದರು. ಆಮೇಲೆ ಮುರುಕು ಹಿಂದಿಯಲ್ಲಿ, ಮೆಲ್ಲಗೆ, ಒಂದೊಂದೇ ಹೇಳಿದರು. ಎಷ್ಟು ಕುಡಿದರೂ ಗಂಟಲು ಒಣಗುತ್ತದೆ. ಗಂಟೆಗೊಮ್ಮೆ ಬಾತ್‌ರೂಮಿಗೆ ಹೋಗಬೇಕು. ಕಾಲಲ್ಲಿ ಶಕ್ತಿಯಿಲ್ಲ. ಕಾಂದಿವಲಿಯಲ್ಲಿ ಟ್ರೇನು ಇಳಿದು ಬೆಂಚಿನ ಮೇಲೆ ಐದು ನಿಮಿಷ ಕೂತೇ ಮುಂದೆ ಹೋಗುವುದು.

ಇದರಲ್ಲಿ ಒಂದನ್ನೂ ನನಗೆ ಹೇಳಿರಲಿಲ್ಲ. ನಾನು ಕೇಳಿದ್ದೆನೇ? ಭಾನುವಾರ ಬಂದರೆ ನಾನು ಕೇಳುತ್ತಿದ್ದದ್ದು ಒಂದೇ ಮಾತು. ಎಷ್ಟು ಇಳಿಯಿತು?

ಡಾಕ್ಟರು ಚೀಟಿ ಬರೆದುಕೊಟ್ಟರು. ಕನ್ನಡಕದ ಚೀಟಿಯಲ್ಲ. "ಕನ್ನಡಕ ಆಮೇಲೆ. ಮೊದಲು ರಕ್ತದ ಸಕ್ಕರೆ ನೋಡಿಸಿ. ಇವತ್ತೇ."

ಸಕ್ಕರೆ ಕಾಯಿಲೆ. ರಿಪೋರ್ಟ್ ನೋಡಿದ ನಮ್ಮ ಫ್ಯಾಮಿಲಿ ಡಾಕ್ಟರು ಮನೆಗೆ ಕಳಿಸಲೇ ಇಲ್ಲ, ಸೀದಾ ಆಸ್ಪತ್ರೆಗೆ ಕಳಿಸಿದರು. ಐದು ದಿನ ಇಂಜೆಕ್ಷನ್. ಇನ್ನೊಂದು ವಾರ ಹೀಗೇ ಬಿಟ್ಟಿದ್ದರೆ ಪ್ರಜ್ಞೆ ತಪ್ಪುತ್ತಿದ್ದರು ಅಂತ ಅಲ್ಲಿನವರು ಹೇಳಿದರು. ಮಂಚದ ಪಕ್ಕ ಕೂತಿದ್ದ ಕಸ್ತೂರಿ ಅಳಲಿಲ್ಲ, ಜಗಳ ಆಡಲಿಲ್ಲ. ಮುಖ ತಿರುಗಿಸದೇ ಅಂದರು, "ನಾ ನಿಮಗ ಹೇಳಿದ್ನಲ್ರಿ ಅಣ್ಣಾರ."

ಹೇಳಿದ್ದರು. ನಾನು 'ಮೈ ಒಗ್ಗಬೇಕು' ಅಂದಿದ್ದೆ.

ಆಸ್ಪತ್ರೆಯ ಡಾಕ್ಟರರನ್ನು ವೆರಾಂಡದಲ್ಲಿ ಹಿಡಿದು ಕೇಳಿದೆ. "ಸಾರ್, ಇದು ಕಾರ್ನ್‌ಫ್ಲೇಕ್ಸಿನಿಂದ ಬಂತಾ? ನನ್ನಿಂದ ಬಂತಾ?"

"ಅದರಿಂದ ಕಾಯಿಲೆ ಬರಲಿಲ್ಲ. ಬರುವುದಿತ್ತು, ಬಂದಿದೆ. ದಿನಕ್ಕೆ ಆರು ಚಮಚ ಸಕ್ಕರೆ ಒಳ್ಳೆಯದಂತೂ ಮಾಡಿಲ್ಲ" ಅಂದರು. ಹೊರಟವರು ನಿಂತು ಇನ್ನೊಂದು ಮಾತು ಸೇರಿಸಿದರು. "ಸುಮ್ಮಸುಮ್ಮನೆ ಹೀಗೆ ತೂಕ ಇಳಿದಿದ್ದರೆ ಮೂರನೇ ವಾರಕ್ಕೇ ಗಾಬರಿಯಾಗಿ ಬರುತ್ತಿದ್ದಿರಿ. ಡಯಟ್ ಅಂದುಕೊಂಡು ಚಪ್ಪಾಳೆ ಹೊಡೆದಿರಿ."

"ಹಾಗಾದರೆ ಈ ಡಯಟಿನಿಂದ ತೂಕ ಇಳಿಯುವುದಿಲ್ಲವಾ?" ಅಂತ ಕೇಳಿದೆ. (ಅಂಥ ಹೊತ್ತಿನಲ್ಲೂ ಕೇಳಿದೆ. ಮನುಷ್ಯನ ಬುದ್ಧಿ ನೋಡಿ.)

"ಕಡಿಮೆ ತಿಂದರೆ ಇಳಿಯುತ್ತದೆ. ಕಾರ್ನ್‌ಫ್ಲೇಕ್ಸಾದರೂ ಸರಿ, ರೊಟ್ಟಿಯಾದರೂ ಸರಿ. ಎಷ್ಟು ದಿನ ಹಾಗೆ ತಿನ್ನಬಲ್ಲಿರಿ? ಜೀವನಪೂರ್ತಿ ರಾತ್ರಿ ಬಟ್ಟಲು ಹಿಡಿದು ಕೂರುತ್ತೀರಾ?"

ಇಳಿಯುತ್ತದೆ ಅಂದರೋ, ಇಳಿಯುವುದಿಲ್ಲ ಅಂದರೋ? ಮನೆಗೆ ಬರುವ ದಾರಿಯುದ್ದಕ್ಕೂ ಯೋಚಿಸಿದೆ. ನನಗೆ ಮೊದಲು ಇಳಿದ ಆ ಎರಡು ಕೆಜಿ ನಿಜವೇ? ಆಮೇಲೆ ವಾಪಸ್ಸು ಬಂದ ಒಂದೂವರೆ ಕೆಜಿ, ಬಟಾಟಾ ವಡೆಯದೋ, ಸುಧಾಳ ಪ್ರೀತಿಯದೋ? ಈರಣ್ಣನ ಏಳರಲ್ಲಿ ಡಯಟಿನದೆಷ್ಟು, ಕಾಯಿಲೆಯದೆಷ್ಟು? ತೂಕದ ಯಂತ್ರ ಅಂಥದ್ದನ್ನೆಲ್ಲ ಬೇರೆ ಬೇರೆ ಮಾಡಿ ಹೇಳುವುದಿಲ್ಲ.

ಈಗ ಈರಣ್ಣ ಚೆನ್ನಾಗಿದ್ದಾರೆ. ಬೆಳಿಗ್ಗೆ ಸಂಜೆ ಮಾತ್ರೆ, ಹೊತ್ತಿಗೆ ಎರಡೇ ರೊಟ್ಟಿ, ಜೊತೆಗೆ ಬೇಳೆ, ಸೊಪ್ಪು, ಹಸಿ ಸೌತೆಕಾಯಿ. ಸಕ್ಕರೆ ಬಂದ್. ಕಾರ್ನ್‌ಫ್ಲೇಕ್ಸ್ ಡಬ್ಬದಲ್ಲಿ ಕಸ್ತೂರಿ ಒಣಮೆಣಸಿನಕಾಯಿ ತುಂಬಿಟ್ಟಿದ್ದಾರೆ. ವರ್ನಿಯರಿನ ಗೆರೆಗಳು ಮತ್ತೆ ಬೇರೆ ಬೇರೆಯಾಗಿ ಕಾಣುತ್ತಿವೆಯಂತೆ. ಹೋದ ತಿಂಗಳು ಅವರ ತೂಕ ಮೂರು ಕೆಜಿ ಏರಿತು. ಡಾಕ್ಟರು ಬೆನ್ನು ತಟ್ಟಿ "ಶಾಭಾಸ್" ಅಂದರಂತೆ! ಹಾಗಾದರೆ ತೂಕ ಏರುವುದು ಒಳ್ಳೆಯದೇ? ಅವರಿಗೆ ಒಳ್ಳೆಯದು, ನನಗೆ ಕೆಟ್ಟದ್ದೇ? ನಮ್ಮ ಸೆಕ್ರೆಟರಿ ಮಾತ್ರ ಗೇಟಿನಲ್ಲಿ, "ಕ್ಯಾ ಈರಣ್ಣಾ, ಫಿರ್ ಸೇ ಮೋಟಾ? ಡಯಟ್ ಛೋಡ್ ದಿಯಾ?" ಅಂತ, ಮತ್ತೆ ದಪ್ಪಗಾದರಲ್ಲ ಎಂದು ನೊಂದುಕೊಂಡರು.

ಒಂದು ಬೆಳಿಗ್ಗೆ ಸ್ಟೇಷನ್ನಿಗೆ ನಡೆಯುವಾಗ ಧೈರ್ಯ ಮಾಡಿ ಅಂದೆ, "ಈರಣ್ಣ, ನಾನು ನಿಮ್ಮನ್ನು ಇದಕ್ಕೆಲ್ಲ ಎಳೆಯಬಾರದಿತ್ತು."

"ಏ, ಬಿಡ್ರಿ ಸರ. ಆವತ್ತ ಕಣ್ಣಿನ ಡಾಕ್ಟರ್ ಕಡೆ ನೀವs ಕರ್ಕೊಂಡ್ ಹೋದ್ರಿ, ಅದಕ್ಕs ಗೊತ್ತಾತು. ಇಲ್ಲಂದ್ರ ನಾ ಎಲ್ಲಿ ಹೋಗಾಂವ?"

ಗಂಡ ಹೇಳುತ್ತಾರೆ, ನಾನು ಉಳಿಸಿದೆ ಅಂತ. ಹೆಂಡತಿ ಬಾಯಿಬಿಟ್ಟು ಹೇಳದಿದ್ದರೂ, ಈಗಲೂ ಮೆಟ್ಟಿಲಲ್ಲಿ ಸಿಕ್ಕರೆ ಸುಧಾಳನ್ನು ಮಾತಾಡಿಸಿ ನನ್ನನ್ನು ದಾಟಿ ಹೋಗುತ್ತಾರೆ. ಇಬ್ಬರಲ್ಲಿ ಯಾರು ಸರಿ? ನನಗಂತೂ ಗೊತ್ತಾಗುತ್ತಿಲ್ಲ. ಕೆಲವು ದಿನ ಅವರು ಸರಿ ಅನಿಸುತ್ತದೆ, ಕೆಲವು ದಿನ ಇವರು.

ಈ ಸೋಮವಾರ ಆಫೀಸಿನಲ್ಲಿ ಇನ್ನೊಂದು ಪ್ರಸಂಗ. ಅಕೌಂಟ್ಸ್ ಸೆಕ್ಷನ್ನಿನ ಒಬ್ಬ ಹೆಂಗಸು ಒಂದು ತಿಂಗಳ ರಜೆ ಮುಗಿಸಿ ಬಂದರು. ಅರ್ಧ ಆಗಿದ್ದಾರೆ! ಎಲ್ಲರೂ ಸುತ್ತ ನೆರೆದು "ಹೌ ಸ್ಲಿಮ್! ಹೌ ಸ್ಮಾರ್ಟ್!" ಅನ್ನುತ್ತಿದ್ದರು. ಅವರ ಮುಖ ಅರಳಿತ್ತು. ನನ್ನ ಸರದಿ ಬಂತು. ನಾಲಿಗೆಯ ತುದಿಗೆ ಬಂದ ಹೊಗಳಿಕೆಯನ್ನು ನುಂಗಿ, "ಆರೋಗ್ಯ ಚೆನ್ನಾಗಿದೆ ತಾನೇ? ತುಂಬ ಬಾಯಾರಿಕೆ ಆಗುತ್ತಾ?" ಅಂತ ಕೇಳಿದೆ.

ಅಂದಿನಿಂದ ಅವರು ನನ್ನ ಜೊತೆ ಮಾತು ಬಿಟ್ಟಿದ್ದಾರೆ.

ನೀವೇ ಹೇಳಿ, ಸಣ್ಣಗಾಗಿ ಎದುರು ನಿಂತವರನ್ನು ಮೊದಲು ಹೊಗಳಬೇಕೋ, ವಿಚಾರಿಸಬೇಕೋ?