ಪುಸ್ತಕ ತಿದ್ದಿದ ಶಾಲೆ

ಇತಿಹಾಸದ ಟೀಚರಿಗೆ ವಿಜ್ಞಾನ ಗಂಟುಬಿದ್ದದ್ದು ಬರೀ ಎರಡು ತಿಂಗಳ ಮಟ್ಟಿಗೆ. ವಿಜ್ಞಾನದ ಮೇಷ್ಟ್ರು ವರ್ಗವಾಗಿ ಹೋದ ದಿನ ಹೆಡ್‌ಮಾಸ್ಟರು ಅವಳನ್ನು ಕರೆದು, "ಹೊಸಬರು ಬರೋವರೆಗೆ ಸ್ವಲ್ಪ ನೋಡ್ಕೊಳ್ಳಿ ಮೇಡಂ, ಎರಡೇ ತಿಂಗಳು" ಎಂದಿದ್ದರು. ಹೊಸಬರು ಬರಲಿಲ್ಲ. ಎರಡು ತಿಂಗಳು ಹನ್ನೊಂದು ವರ್ಷವಾಯಿತು. ಅಷ್ಟರಲ್ಲಿ ಹೆಡ್‌ಮಾಸ್ಟರ ತಲೆ ಬೋಳಾಯಿತು, ಶಾಲೆಯ ಗೇಟು ತುಕ್ಕು ಹಿಡಿದು ಕಳಚಿಬಿತ್ತು. ಆದರೂ ಅವರು ಪ್ರತಿ ಜೂನ್‌ನಲ್ಲಿ ಅದೇ ಮುಖ ಹೊತ್ತು ಬಂದು ಅದೇ ಎರಡು ತಿಂಗಳ ಮಾತು ಹೇಳುತ್ತಿದ್ದರು.

ಇತಿಹಾಸವನ್ನು ಅವಳು ಕಥೆ ಹೇಳಿದ ಹಾಗೆ ಹೇಳುವವಳು. ಯುದ್ಧದ ಪಾಠ ಇದ್ದರೆ ಹಿಂದಿನ ಬೆಂಚಿನವರೂ ಕಿವಿ ನಿಮಿರಿಸುತ್ತಿದ್ದರು. ವಿಜ್ಞಾನದ ಮಾತು ಬೇರೆ. ತನ್ನ ಶಾಲೆಯ ಕಾಲದಲ್ಲಿ ಅದರಲ್ಲಿ ಕೂದಲೆಳೆಯಲ್ಲಿ ಪಾಸಾಗಿ, ಇನ್ನು ಈ ಜನ್ಮದಲ್ಲಿ ಇದರ ಮುಖ ನೋಡುವುದಿಲ್ಲ ಎಂದು ಪುಸ್ತಕವನ್ನು ಅಟ್ಟಕ್ಕೆ ಎಸೆದಿದ್ದಳು. ಈಗ ಅದೇ ಮುಖವನ್ನು ದಿನಕ್ಕೆರಡು ಪೀರಿಯಡ್ಡು ನೋಡಬೇಕು. ಶಾಲೆಯ ಪ್ರಯೋಗಾಲಯ ಎಂದರೆ ಹೆಡ್‌ಮಾಸ್ಟರ ಮೇಜಿನ ಕೆಳಗಿದ್ದ ಒಂದು ಮರದ ಪೆಟ್ಟಿಗೆ. ಅದರ ಮೇಲೆ ಅವರು ಕಾಲಿಟ್ಟುಕೊಳ್ಳುತ್ತಿದ್ದರು.

ಹಾಗಾಗಿ ಅವಳು ತನಗೆ ಗೊತ್ತಿದ್ದ ದಾರಿ ಹಿಡಿದಳು. ಮನೆಯಿಂದ ಶಾಲೆಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಕಬ್ಬಿಣದ ಕಡಲೆಯಂಥ ವಾಕ್ಯಗಳನ್ನು ಸಣ್ಣ ಸಣ್ಣದಾಗಿ ಮುರಿದು ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಳು. ತರಗತಿಯಲ್ಲಿ ಅದನ್ನೇ ಬರೆಸುತ್ತಿದ್ದಳು. ಮಕ್ಕಳು ಬರೆದುಕೊಂಡು ಬಾಯಿಪಾಠ ಮಾಡುತ್ತಿದ್ದರು. ಅಕ್ಕನ ನೋಟ್ಸು ತಂಗಿಗೆ, ಅಣ್ಣನದು ತಮ್ಮನಿಗೆ ಇಳಿಯುತ್ತಿತ್ತು. ಟೀಚರ ನೋಟ್ಸು ಅಂದರೆ ಆ ಊರಲ್ಲಿ ಅದರ ಮೇಲೆ ಮಾತಿಲ್ಲ.

ಪ್ರತಿ ವರ್ಷ ಸುತ್ತಿನ ಶಾಲೆಗಳ ಪಟ್ಟಿಯಲ್ಲಿ ವಿಜ್ಞಾನದ ಫಲಿತಾಂಶಕ್ಕೆ ಇವರದು ಕಡೆಯ ಸಾಲು. ಪ್ರತಿ ವರ್ಷ ಮೇಲಿನಿಂದ ಒಂದು ಫಾರಂ ಬರುತ್ತಿತ್ತು: ಫಲಿತಾಂಶ ಕಡಿಮೆಯಾಗಲು ಕಾರಣಗಳೇನು? ಹೆಡ್‌ಮಾಸ್ಟರು ಹೇಳುತ್ತಿದ್ದರು, ಅಕ್ಷರ ದುಂಡಗಿದೆ ಎಂದು ಅವಳೇ ಬರೆಯುತ್ತಿದ್ದಳು. ವಿದ್ಯಾರ್ಥಿಗಳ ನಿರಾಸಕ್ತಿ. ಪೋಷಕರ ನಿರ್ಲಕ್ಷ್ಯ. ಹತ್ತು ಸಲ ಬರೆದಳು. ಮೊದಲೆರಡು ಸಲ ಕೈ ತಡೆಯಿತು, ಆಮೇಲೆ ರೂಢಿಯಾಯಿತು.

ಈ ವರ್ಷ ಫಾರಂ ಬರಲಿಲ್ಲ. ಅದರ ಬದಲು ಪರೀಕ್ಷಾ ಕಚೇರಿಯಿಂದ ರಿಜಿಸ್ಟರ್ಡ್ ಕಾಗದ ಬಂತು. ಶಾಲೆಯ ಮೂವತ್ತನಾಲ್ಕು ಮಕ್ಕಳ ಫಲಿತಾಂಶವನ್ನು ತಡೆಹಿಡಿಯಲಾಗಿದೆ. ವಿಜ್ಞಾನದ ಪತ್ರಿಕೆಯಲ್ಲಿ ಈ ಸಲ ಮೊದಲ ಬಾರಿಗೆ ಬಲ್ಬು ಹೊತ್ತಿಸುವ ವಿದ್ಯುತ್ ಮಂಡಲದ ಚಿತ್ರ ಕೇಳಿತ್ತು. ಮೂವತ್ತನಾಲ್ಕು ಮಂದಿಯೂ ಒಂದೇ ತಪ್ಪು ಮಾಡಿದ್ದಾರೆ. ಅಮ್ಮೀಟರ್ ಇರಬೇಕಾದ ಕಡೆ ವೋಲ್ಟ್‌ಮೀಟರ್, ವೋಲ್ಟ್‌ಮೀಟರ್ ಇರಬೇಕಾದ ಕಡೆ ಅಮ್ಮೀಟರ್. ಅದು ಸಾಲದು ಎಂಬಂತೆ ಎಲ್ಲರೂ ಚಿತ್ರದ ಕೆಳಗೆ ಒಂದೇ ವಾಕ್ಯ ಬರೆದಿದ್ದಾರೆ: "ಗಮನಿಸಿ, ಪಠ್ಯಪುಸ್ತಕದ ಚಿತ್ರದಲ್ಲಿ ಅಚ್ಚಿನ ತಪ್ಪಿದೆ." ಇದು ಸಾಮೂಹಿಕ ನಕಲು ಎಂದು ಕಚೇರಿಯ ಅನುಮಾನ. ಶುಕ್ರವಾರ ವಿಚಾರಣೆ.

ಹೆಡ್‌ಮಾಸ್ಟರು ಕಾಗದವನ್ನು ಎರಡು ಸಲ ಓದಿ ಬೆವರು ಒರೆಸಿಕೊಂಡರು. "ನಮ್ಮ ಮಕ್ಕಳು ನಕಲು ಮಾಡೋರಲ್ಲ ಮೇಡಂ. ಮಾಡಿದ್ರೆ ಇಷ್ಟು ಕಡಿಮೆ ಮಾರ್ಕ್ಸ್ ಬರ್ತಿರಲಿಲ್ಲ."

ಅವಳ ಕಣ್ಣು ಅಚ್ಚಿನ ತಪ್ಪು ಎಂಬ ಮಾತಿನ ಮೇಲೇ ನಿಂತಿತ್ತು. ಹೆಡ್‌ಮಾಸ್ಟರ ಬೀರುವಿನಲ್ಲಿ ಯಾರೂ ಮುಟ್ಟದ ಒಂದು ಹೊಸ ಪಠ್ಯಪುಸ್ತಕವಿತ್ತು. ಅದನ್ನು ತೆಗೆದು ನೂರಹನ್ನೆರಡನೇ ಪುಟ ಬಿಡಿಸಿದಳು. ಕಾಗದದಲ್ಲಿ ಸರಿ ಎಂದು ಹೇಳಿದ್ದ ಹಾಗೆಯೇ ಚಿತ್ರ ಇತ್ತು. ಅಚ್ಚು ಮಾಡಿದವರು ಯಾವ ತಪ್ಪನ್ನೂ ಮಾಡಿರಲಿಲ್ಲ.

ಆಗ ಎಲ್ಲವೂ ನೆನಪಾಯಿತು. ಮೊದಲ ವರ್ಷ, ಬಸ್ಸಿನ ಕುಲುಕಾಟದಲ್ಲಿ ಚಿತ್ರ ಇಳಿಸಿಕೊಳ್ಳುವಾಗ ಎರಡು ಮೀಟರುಗಳನ್ನು ಅದಲುಬದಲು ಮಾಡಿಕೊಂಡಿದ್ದಳು. ಬೋರ್ಡಿನ ಮೇಲೆ ಬರೆದಾಗ ಮುಂದಿನ ಬೆಂಚಿನ ಒಬ್ಬ ಹುಡುಗಿ, "ಪುಸ್ತಕದಲ್ಲಿ ಬೇರೆ ಥರ ಇದೆ ಮಿಸ್" ಎಂದಳು. ಇಡೀ ತರಗತಿ ಟೀಚರ ಮುಖ ನೋಡಿತು. ಹೊಸ ವಿಷಯ, ಒಳಗೆ ಪುಕುಪುಕು. ಅವಳು ರೆಪ್ಪೆ ಅಲುಗಿಸದೆ, "ಅದು ಅಚ್ಚಿನ ತಪ್ಪು, ಎಲ್ಲರೂ ಪುಸ್ತಕ ತಿದ್ಕೊಳ್ಳಿ" ಎಂದುಬಿಟ್ಟಳು. ಮಕ್ಕಳು ಸ್ಕೇಲು ಪೆನ್ನು ಹಿಡಿದು ನೀಟಾಗಿ ತಿದ್ದಿದರು. ಮುಂದಿನ ವರ್ಷ ಅವಳೇ, "ಪುಟ ನೂರಹನ್ನೆರಡು, ತಿದ್ದಿಕೊಳ್ಳದವರು ತಿದ್ದಿಕೊಳ್ಳಿ" ಎಂದಳು. ಐದಾರು ವರ್ಷ ಕಳೆಯುವಷ್ಟರಲ್ಲಿ ತಾನು ಹೇಳಿದ್ದು ಸುಳ್ಳು ಎಂಬುದು ಅವಳಿಗೇ ಮರೆತುಹೋಗಿತ್ತು.

"ಸರ್, ತಪ್ಪು ನಂದು" ಎಂದಳು. ಎಲ್ಲವನ್ನೂ ಹೇಳಿದಳು.

ಹೆಡ್‌ಮಾಸ್ಟರು ಬಾಗಿಲು ಮುಂದೆ ಮಾಡಿ ಬಂದರು. "ಇದು ಇಲ್ಲೇ ಇರಲಿ. ಹನ್ನೊಂದು ವರ್ಷ ತಪ್ಪು ಪಾಠ ಅಂದ್ರೆ ನಿಮ್ಮ ಕೆಲಸಕ್ಕೇ ಬರುತ್ತೆ, ನನ್ನ ಕುತ್ತಿಗೆಗೂ ಬರುತ್ತೆ. ಪರೀಕ್ಷೆ ದಿನ ಕೊಠಡಿ ಮೇಲ್ವಿಚಾರಣೆಗೆ ಬೇರೆ ಶಾಲೆಯವರು ಇದ್ರಲ್ಲ, ಅವರು ಕಣ್ಣು ಮುಚ್ಕೊಂಡು ಕೂತಿದ್ರು ಅಂತ ಬರೆದುಬಿಡೋಣ. ಮಕ್ಕಳು ಮೂರು ತಿಂಗಳು ಬಿಟ್ಟು ಮತ್ತೆ ಬರೀತಾರೆ. ಏನೂ ಮುಳುಗಿಹೋಗಲ್ಲ."

ಮುಳುಗಿಹೋಗುವವರು ಇದ್ದರು. ಸೈಕಲ್ ಶಾಪಿನವನ ಮಗಳು ನರ್ಸಿಂಗ್ ಕೋರ್ಸಿಗೆ ಅರ್ಜಿ ಹಾಕಿದ್ದಳು. ಮುಂದಿನ ಬುಧವಾರದೊಳಗೆ ಅಂಕಪಟ್ಟಿ ಕೊಡದಿದ್ದರೆ ಸೀಟು ಬೇರೆಯವರ ಪಾಲು. ಅಂದು ಸಂಜೆ ಬಸ್ ಸ್ಟಾಪಿನಲ್ಲಿ ಆ ಹುಡುಗಿ ಕಾಯುತ್ತಾ ನಿಂತಿದ್ದಳು. ಸುದ್ದಿ ಆಗಲೇ ಊರೆಲ್ಲ ಹಬ್ಬಿತ್ತು.

"ಮಿಸ್, ನಾನು ಯಾರದ್ದೂ ನೋಡಿ ಬರೆದಿಲ್ಲ."

"ಗೊತ್ತು ಕಣೇ."

"ಅಪ್ಪ ನಂಬ್ತಿಲ್ಲ. ಮೂವತ್ತನಾಲ್ಕು ಜನಕ್ಕೂ ಒಂದೇ ತಪ್ಪು ಹೇಗೆ ಹೊಳೆಯುತ್ತೆ ಅಂತ ಕೇಳ್ತಾರೆ. ಮಧ್ಯಾಹ್ನದಿಂದ ನನ್ನ ಜೊತೆ ಮಾತೇ ಆಡ್ತಿಲ್ಲ."

ಬಸ್ಸು ಬಂತು. ಟೀಚರು ಹತ್ತಿ ಕಿಟಕಿ ಪಕ್ಕ ಕುಳಿತಳು. ದಾರಿಯುದ್ದಕ್ಕೂ ಆ ಹುಡುಗಿಯ ಮುಖ ಕಣ್ಣ ಮುಂದಿನಿಂದ ಸರಿಯಲಿಲ್ಲ.

ಗಂಡನಿಗೆ ಪೇಟೆಯಲ್ಲಿ ಟೈಲರ್ ಅಂಗಡಿ. ಅವನು ಎಲ್ಲವನ್ನೂ ಕೇಳಿ, ಕತ್ತರಿ ಕೆಳಗಿಟ್ಟು ತಲೆ ಕೆರೆದುಕೊಂಡ. "ನಾನಾದ್ರೆ ಅಳತೆ ತಪ್ಪಿದಾಗ ಗಿರಾಕಿಗೇ ಹೇಳ್ತೀನಿ, ಸ್ವಾಮಿ ನೀವು ದಪ್ಪ ಆಗಿದೀರಿ ಅಂತ. ಅವರೂ ಹೌದೇನೋ ಅಂದ್ಕೊಂಡು ಹೋಗ್ತಾರೆ."

"ನಾನೂ ಇಷ್ಟು ದಿನ ಅದನ್ನೇ ಮಾಡಿದ್ದು" ಎಂದಳು ಅವಳು.

ಗಂಡ ನಗಲಿಲ್ಲ. "ಕೆಲಸ ಹೋದ್ರೆ ಕಾಜಾ ಗುಂಡಿ ಹೊಲಿಯೋಕೆ ನಂಗೊಬ್ರು ಬೇಕೇ ಬೇಕು. ಹೋಗಿ ಹೇಳಿ ಬಾ" ಎಂದ.

ಗುರುವಾರ ಅವಳು ಮನೆ ಮನೆ ಅಲೆದಳು. ಹಳೆಯ ವಿದ್ಯಾರ್ಥಿಗಳ ಮನೆಗಳಲ್ಲಿ ಪಠ್ಯಪುಸ್ತಕಗಳು ಎಲ್ಲೆಲ್ಲಿ ಸೇರಿಕೊಂಡಿದ್ದವೋ ಅಲ್ಲಿಂದೆಲ್ಲ ಎಳೆಸಿದಳು. ಒಂದು ಮಂಚದ ಕಾಲಿನ ಅಡಿಯಿಂದ ಬಂತು, ಇನ್ನೊಂದು ಅಡುಗೆಮನೆಯ ಡಬ್ಬಿಯ ಮುಚ್ಚಳವಾಗಿತ್ತು. ಇಪ್ಪತ್ತಾರು ಪುಸ್ತಕ ಸಿಕ್ಕವು. ಪ್ರತಿಯೊಂದರ ಮೊದಲ ಪುಟದಲ್ಲಿ ಓದಿದವರ ಹೆಸರು, ವರ್ಷ. ಪ್ರತಿಯೊಂದರ ನೂರಹನ್ನೆರಡನೇ ಪುಟದಲ್ಲಿ ಸ್ಕೇಲಿಟ್ಟು ಹೊಡೆದ ಗೆರೆ.

ಶುಕ್ರವಾರ ಎರಡು ಚೀಲ ಹೊತ್ತು ಪರೀಕ್ಷಾ ಕಚೇರಿಯ ಮೂರನೇ ಮಹಡಿ ಹತ್ತಿದಳು. ಹೆಡ್‌ಮಾಸ್ಟರು ಹಿಂದೆ ಏದುಸಿರು ಬಿಡುತ್ತಾ, "ಇನ್ನೂ ಟೈಮ್ ಇದೆ ಮೇಡಂ, ಯೋಚನೆ ಮಾಡಿ" ಎನ್ನುತ್ತಲೇ ಇದ್ದರು. ಅಧಿಕಾರಿ ನಿವೃತ್ತಿಯ ಅಂಚಿನಲ್ಲಿದ್ದ ಒಣಕಲು ಮನುಷ್ಯ. ಮೇಜಿನ ಮೇಲೆ ಮೂವತ್ತನಾಲ್ಕು ಉತ್ತರಪತ್ರಿಕೆಗಳ ಕಟ್ಟು.

"ಹೇಳಿ. ಇವರೆಲ್ಲ ಯಾರನ್ನ ನೋಡಿ ಬರೆದ್ರು?"

"ನನ್ನನ್ನ ನೋಡಿ ಸರ್" ಎಂದಳು. ಚೀಲ ಬಿಚ್ಚಿ ಪುಸ್ತಕಗಳನ್ನು ಮೇಜಿನ ಮೇಲೆ ಸುರಿದಳು.

ಅಧಿಕಾರಿ ಒಂದನ್ನು ತೆಗೆದು ನೋಡಿದರು, ಇನ್ನೊಂದನ್ನು ತೆಗೆದರು. ಹತ್ತನೆಯದಕ್ಕೆ ಬರುವಷ್ಟರಲ್ಲಿ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಮುಖ ಗಂಟಿಕ್ಕಿಕೊಂಡೇ ಇದ್ದರೂ ಭುಜ ಮಾತ್ರ ನಗುವಿಗೆ ಕುಲುಕುತ್ತಿತ್ತು. ಅವಳು ನಿಂತಲ್ಲೇ ಎಲ್ಲವನ್ನೂ ಹೇಳಿದಳು: ಬಸ್ಸು, ಬೋರ್ಡು, ರೆಪ್ಪೆ ಅಲುಗಿಸದೆ ಹೇಳಿದ ಸುಳ್ಳು.

"ಒಂದು ಸಲವಾದ್ರೂ ಇದನ್ನ ನಿಜವಾಗಿ ಜೋಡಿಸಿ ನೋಡಲಿಲ್ವೇನಮ್ಮ?"

"ನೋಡಿದೆ ಸರ್, ಮೂರನೇ ವರ್ಷ. ಬಲ್ಬು ಹತ್ತಲಿಲ್ಲ. ಬಲ್ಬ್ ಸುಟ್ಟುಹೋಗಿದೆ ಅಂತ ಮಕ್ಕಳಿಗೆ ಹೇಳಿ ಪೆಟ್ಟಿಗೆ ಮುಚ್ಚಿಟ್ಟೆ."

"ಸುಟ್ಟಿಲ್ಲಮ್ಮ. ಹಾಗೆ ಜೋಡಿಸಿದ್ರೆ ಯಾವ ಬಲ್ಬೂ ಹತ್ತಲ್ಲ. ವೋಲ್ಟ್‌ಮೀಟರು ಕರೆಂಟನ್ನ ಹೋಗೋಕೆ ಬಿಡಲ್ಲ. ಅದು ಪಕ್ಕದಲ್ಲಿ ನಿಂತು ನೋಡಬೇಕಾದ್ದು, ದಾರಿಗೆ ಅಡ್ಡ ನಿಲ್ಲಬಾರದು."

ಆ ಪಾಠ ಅವಳಿಗೆ ಅರ್ಥವಾದದ್ದು ಅದೇ ಮೊದಲು. ಇಷ್ಟೇನಾ ಎನಿಸಿತು. ಇಷ್ಟನ್ನು ಯಾರಾದರೂ ಹೇಳಿಕೊಟ್ಟಿದ್ದರೆ, ಇಲ್ಲ, ತಾನು ಯಾರನ್ನಾದರೂ ಕೇಳಿದ್ದರೆ ಎಂದುಕೊಂಡಳು.

ಅಧಿಕಾರಿ ಪೆನ್ನು ತೆಗೆದರು. "ನಕಲು ಅಲ್ಲ ಅಂತ ಬರೀತೀನಿ. ಫಲಿತಾಂಶ ಸೋಮವಾರ ಬಿಡುಗಡೆ. ಆದ್ರೆ ಆ ಪ್ರಶ್ನೆಗೆ ಮಾರ್ಕ್ಸ್ ಸಿಗಲ್ಲ, ತಪ್ಪು ತಪ್ಪೇ. ನಿಮಗೆ ಎಚ್ಚರಿಕೆ ಪತ್ರ ಬರುತ್ತೆ."

"ನನ್ನನ್ನ ವಿಜ್ಞಾನದಿಂದ ಬಿಡಿಸ್ತೀರಾ ಸರ್?" ಅವಳ ಧ್ವನಿಯಲ್ಲಿ ಆಸೆಯೇ ಇತ್ತು.

"ಬಿಡಿಸಿದ್ರೆ ಅಲ್ಲಿ ಇನ್ಯಾರಿದಾರೆ? ರಜೆಯಲ್ಲಿ ಇಪ್ಪತ್ತು ದಿನ ತರಬೇತಿಗೆ ಬನ್ನಿ. ನಾನೇ ಹೇಳಿಕೊಡ್ತೀನಿ. ಮತ್ತೆ, ಕಾರಣ ಕೇಳೋ ಫಾರಂ ಬಂದ್ರೆ ಈ ಸಲ ಇದನ್ನೇ ಬರೆದು ಕಳಿಸಿ. ಹನ್ನೊಂದು ವರ್ಷದಿಂದ ಹುದ್ದೆ ಖಾಲಿ ಅನ್ನೋದನ್ನೂ ಸೇರಿಸಿ." ಕಡೆಯ ಮಾತು ಹೇಳುವಾಗ ಅವರು ಹೆಡ್‌ಮಾಸ್ಟರ ಕಡೆ ನೋಡಿದರು. ಹೆಡ್‌ಮಾಸ್ಟರಿಗೆ ಗೋಡೆಯ ಕ್ಯಾಲೆಂಡರಿನಲ್ಲಿ ಏನೋ ಮುಖ್ಯವಾದದ್ದು ಕಾಣಿಸಿತು.

ಮೆಟ್ಟಿಲಿಳಿಯುವಾಗ ಅವಳಿಗೆ ಮೈ ಹಗುರವಾಗಿತ್ತು. ಎಷ್ಟೋ ವರ್ಷದಿಂದ ಹೊತ್ತಿದ್ದನ್ನು ಇಳಿಸಿದ ಹಾಗೆ, ಆದರೆ ಹೊತ್ತಿದ್ದೆ ಎಂದು ಗೊತ್ತಾದದ್ದೇ ಇಳಿಸಿದ ಮೇಲೆ. ಕೆಳಗಿನ ಅಂಗಡಿಯಲ್ಲಿ ಎರಡು ಟೀ ಕುಡಿದಳು. ಆಮೇಲೆ ನೆಟ್ಟಗೆ ಸೈಕಲ್ ಶಾಪಿಗೆ ಹೋದಳು. ಪಂಕ್ಚರ್ ಹಾಕುತ್ತಿದ್ದ ತಂದೆಯ ಎದುರು ನಿಂತು, "ನಿಮ್ಮ ಮಗಳು ನಕಲು ಮಾಡಿಲ್ಲ. ತಪ್ಪು ಕಲಿಸಿದ್ದು ನಾನು" ಎಂದಳು. ಅವನು ಕೈಲಿದ್ದ ಟ್ಯೂಬನ್ನು ನೀರಿಗೆ ಅದ್ದಿ ಗುಳ್ಳೆ ಏಳುವುದನ್ನು ನೋಡಿದ. ಆಮೇಲೆ ಒಳಗೆ ತಿರುಗಿ, "ಏ ಪುಟ್ಟಿ, ಊಟ ಮಾಡಿದೆಯೇನಮ್ಮ?" ಎಂದು ಕೂಗಿದ.

ಸೋಮವಾರ ಫಲಿತಾಂಶ ಬಂತು. ಮೂವತ್ತನಾಲ್ಕರಲ್ಲಿ ಹತ್ತೊಂಬತ್ತು ಮಂದಿ ಪಾಸು. ಪಟ್ಟಿಯಲ್ಲಿ ಮತ್ತೆ ಕಡೆಯ ಸಾಲೇ. ಫೇಲಾದವರ ಒಂದೊಂದು ಹೆಸರನ್ನೂ ಟೀಚರು ಬೆರಳಿಟ್ಟು ಓದಿದಳು. ಅವರಲ್ಲಿ ಮೂವರು ಫೇಲಾದದ್ದು ನಾಲ್ಕೈದು ಅಂಕದಲ್ಲಿ, ಆ ಚಿತ್ರಕ್ಕಿದ್ದಷ್ಟೇ ಅಂಕ. ಆ ಮೂವರ ಮನೆಗೂ ಅವಳು ಹೋದಳು. ಒಂದು ಮನೆಯಲ್ಲಿ ಬೈಸಿಕೊಂಡಳು, ಎದುರಾಡಲಿಲ್ಲ. ಮರುಪರೀಕ್ಷೆಯವರೆಗೆ ದಿನಾ ಬೆಳಿಗ್ಗೆ ಅವರಿಗೆ ಪಾಠ ಹೇಳುತ್ತೇನೆಂದು ಮಾತು ಕೊಟ್ಟು ಬಂದಳು. ಸೈಕಲ್ ಶಾಪಿನವನ ಮಗಳು ಪಾಸಾಗಿದ್ದಳು. ಬುಧವಾರ ಅಂಕಪಟ್ಟಿ ಕೊಟ್ಟು ಸೀಟು ಗಟ್ಟಿ ಮಾಡಿಕೊಂಡು, ಗುರುವಾರ ಶಾಲೆಗೆ ಬಂದಳು. ಜೊತೆಗೆ ಈ ವರ್ಷ ಅದೇ ತರಗತಿಗೆ ಬಂದಿರುವ ತಂಗಿ. ಅಕ್ಕನ ನೋಟ್ಸು ಆಗಲೇ ತಂಗಿಯ ಕೈ ಸೇರಿತ್ತು.

ಟೀಚರು ಮರುಪರೀಕ್ಷೆಯ ಮೂವರನ್ನು ಕೂರಿಸಿಕೊಂಡು ತಂತಿ ಜೋಡಿಸುತ್ತಿದ್ದಳು. ತಂಗಿ ಬಾಗಿಲಲ್ಲೇ ನಿಂತು ನೋಟ್ಸನ್ನು ಎದೆಗವಚಿಕೊಂಡು ಕೇಳಿದಳು: "ಮಿಸ್, ಇದರಲ್ಲಿ ಇನ್ನೂ ಏನೇನು ತಪ್ಪಿದೆ?"

ಅಕ್ಕ ತಂಗಿಯ ತೋಳು ಚಿವುಟಿದಳು. ಟೀಚರಿಗೆ ಕೋಪ ಬರಲಿಲ್ಲ. ಎಂಥದೋ ನಿರಾಳದ ನಗೆ ಉಕ್ಕಿ ಬಂತು.

"ಗೊತ್ತಿಲ್ಲ ಕಣಮ್ಮ. ಪುಸ್ತಕ ತಗೊಂಡು ಬಾ. ಮೊದಲನೇ ಪುಟದಿಂದ ನೋಡ್ತಾ ಹೋಗೋಣ" ಎಂದು ಬೆಂಚಿನಲ್ಲಿ ಸರಿದು ಪಕ್ಕಕ್ಕೆ ಜಾಗ ಮಾಡಿಕೊಟ್ಟಳು.