ಬರೀ ನೀರು ಕುಡಿಯದ ಮಾವ

ಮಾವನವರ ಎಡಗಾಲಿನ ಹೆಬ್ಬೆರಳು ಹಣ್ಣು ಟೊಮ್ಯಾಟೊದಂತೆ ಕೆಂಪಗೆ ಊದಿರುತ್ತಿತ್ತು. ಧೋತರದ ಅಂಚು ತಾಗಿದರೂ ನಮ್ಮೂರು ಗೊರೇಬಾಳಕ್ಕೆಲ್ಲ ಕೇಳುವಂತೆ ಚೀರುತ್ತಿದ್ದರು. ಅದೇ ಕಾಲನ್ನು ಎಳೆದುಕೊಂಡು ಮಸ್ಕಿಯವರೆಗೂ ಹಿರಿತನ ಮಾಡಲು ಹೊರಡುತ್ತಿದ್ದರು. ಹೆಣ್ಣು ನೋಡುವುದಿರಲಿ, ಅಣ್ಣತಮ್ಮಂದಿರ ಪಾಲಿರಲಿ, ಹೋದ ಮನೆಯಲ್ಲಿ ಇವರು ಮೊದಲು ಕೇಳುತ್ತಿದ್ದುದು ಥಂಡಾ ಬಾಟಲಿ. ಕಿತ್ತಳೆ ಬಣ್ಣದ ಸಕ್ಕರೆ ನೀರು.

“ನೀರು, ಮಜ್ಜಿಗಿ ಆಳುಮಕ್ಕಳು ಕುಡಿಯೋದು,” ಎನ್ನುತ್ತಿದ್ದರು. ಅದನ್ನು ಆಳುಗಳ ಎದುರಿಗೇ ಹೇಳುವಷ್ಟು ದೊಡ್ಡ ಮನುಷ್ಯರು.

ಸಿಂಧನೂರಿನ ಡಾಕ್ಟರರ ಹತ್ತಿರ ನಾನೇ ಕರೆದುಕೊಂಡು ಹೋದೆ. ರಕ್ತ ಪರೀಕ್ಷೆ ಮಾಡಿ, ಇದು ಗೌಟ್, ಕೀಲು ಊದಿಸುವ ರೋಗ ಎಂದರು. “ದಾರೂ ಕುಡೀತೀರೇನ್ರೀ ಯಜಮಾನ್ರ?” ಎಂದು ಕೇಳಿದ್ದೇ ತಡ, ಮಾವ ಎದ್ದು ನಿಂತರು.

“ಕೊಳ್ಳಾಗ ಲಿಂಗ ಐತಿ, ಕಣ್ಣಿಗಿ ಕಾಣವಲ್ದೇನು? ನಮ್ಮ ಮನಿತನದಾಗ ಒಬ್ಬರೂ ಮುಟ್ಟಿಲ್ಲ. ನಡಿ ಬೇ, ಇದು ಕುಡುಕರ ದವಾಖಾನಿ!”

ಅವರು ಕುಂಟುತ್ತ ಹೋಗಿ ಆಟೊ ಹತ್ತಿದರು. ಉಳಿದದ್ದನ್ನು ನಾನೊಬ್ಬಳೇ ನಿಂತು ಕೇಳಿದೆ. ಸಿಹಿ ಥಂಡಾನೂ ಈ ರೋಗಕ್ಕೆ ಆಗದು. ನೀರು ಚೆನ್ನಾಗಿ ಕುಡಿಯಬೇಕು, ಬೆಣ್ಣೆ ತೆಗೆದ ಮಜ್ಜಿಗೆ ನಡೆಯುತ್ತದೆ, ಸಕ್ಕರೆಯಿಲ್ಲದ ಚಹಾಕ್ಕೂ ಅಡ್ಡಿಯಿಲ್ಲ. ಮನೆಯಲ್ಲಿ ಹೇಳಿದೆ.

“ಸಂತೆಕಲ್ಲೂರಾಕಿ ನನಗ ಕುಡಿಯೋದು ಕಲಸ್ತಾಳ,” ಎಂದು ನಕ್ಕರು. ನನ್ನ ತವರು ಸಂತೆಕಲ್ಲೂರು ಮಳೆ ನಂಬಿದ ಊರು. ಕಾಲುವೆ ನೀರಿನ ಗದ್ದೆಯವರಿಗೆ ಅಷ್ಟು ಸದರ.

ಹೆಡ್ಡತನಕ್ಕೆ ಮದ್ದಿಲ್ಲ. ನೋವಿಗೆ ಅಂಗಡಿಯ ಗುಳಿಗೆ, ಗುಳಿಗೆ ನುಂಗಲು ಥಂಡಾ, ವರ್ಷಗಟ್ಟಲೆ ಇದೇ ನಡೆಯಿತು. ಗುರುಗುಂಟಾದಲ್ಲಿ ಒಂದು ನಿಶ್ಚಯಕ್ಕೆ ಹೋದಾಗ, ಹುಡುಗಿಯ ತಾಯಿ ಇವರ ಕಾಲು ನೋಡಿ, ಪಾಪ, ಮಜ್ಜಿಗೆ ತಂದಿಟ್ಟಳು. ಮಾವ ಮುಟ್ಟಲಿಲ್ಲ. ನಮ್ಮ ಕಡೆ ಹಿರಿಯರು ಏನೂ ಕುಡಿಯದೆ ಎದ್ದರೆ ಸಂಬಂಧ ಬೇಡವೆಂದೇ ಅರ್ಥ. ಒಳಗೆ ಹುಡುಗಿ ಅಳತೊಡಗಿದಳು. ಅವಳ ಅಣ್ಣ ಬೈಕಿನಲ್ಲಿ ಓಡಿ ಬಾಟಲಿ ತಂದ ಮೇಲೆಯೇ ಮದುವೆ ಗಟ್ಟಿಯಾಯಿತು. ಎರಡು ಕುಡಿದರು, ನಾಚಿಕೆಯಿಲ್ಲದೆ.

ಕೊನೆಗೆ ಮೂತ್ರಪಿಂಡ ಕೈಕೊಟ್ಟು ಲಿಂಗಸುಗೂರಿನ ಆಸ್ಪತ್ರೆ ಸೇರಿದಾಗ, ಇನ್ನು ನೀರನ್ನೂ ಅಳೆದೇ ಕೊಡಬೇಕು ಎಂದರು ಅಲ್ಲಿಯ ಡಾಕ್ಟರರು. ಅಳೆಯುವ ಕೆಲಸ ನನ್ನ ಪಾಲಿಗೆ ಬಂತು.

“ಯವ್ವಾ, ನೀರು,” ಎಂದರು ಮಾವ. ನಾನು ಆ ಮನೆಗೆ ಬಂದ ಮೇಲೆ ಅವರು ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು. ಎರಡು ಚಮಚ ಹಾಕಿದೆ.

“ಇಷ್ಟೇನ?”

“ಇಷ್ಟೇ ರೀ, ಮಾವಾರ.”

ಹಾಗೆನ್ನುವಾಗ ನನಗೆ ಒಂದಿಷ್ಟು ಖುಷಿಯಾಯಿತು. ಅದು ಅವರಿಗೆ ತಿಳಿಯಿತು. ನನ್ನ ಮುಖವನ್ನೇ ನೋಡಿ ಕಣ್ಣು ಮುಚ್ಚಿಕೊಂಡರು. ಮರುದಿನ ತೀರಿಹೋಗುವವರೆಗೆ ನನ್ನನ್ನು ಮತ್ತೆ ನೀರು ಕೇಳಲಿಲ್ಲ.